ಭಾನುವಾರದ ಸಭೆಯ ಮೇಲೆ ಬಂದ ದೂರು

ನಿವೃತ್ತಿಯ ಹಿಂದಿನ ವರ್ಷ ನಾನು ಅಮೆರಿಕದ ಸನ್ನಿವೇಲ್ ಸಮೀಪದ ಒಂದು ನಗರಾಡಳಿತದಲ್ಲಿ ಕೋಡ್ ಎನ್‌ಫೋರ್ಸ್‌ಮೆಂಟ್ ಅಧಿಕಾರಿಯಾಗಿದ್ದೆ. ಮನೆ, ಅಂಗಡಿಗಳ ಬಳಕೆ ನಗರದ ನಿಯಮದಂತಿದೆಯೇ ಎಂದು ಪರಿಶೀಲಿಸುವ ಕೆಲಸ. ಆ ಬೇಸಿಗೆಯಲ್ಲಿ ಒಂದು ದೂರು ಬಂತು: ಪಕ್ಕದ ಮನೆಗೆ ಪ್ರತಿ ಭಾನುವಾರ ಇಪ್ಪತ್ತು ಜನ ಬರುತ್ತಾರೆ, ಪರದೆ ಎಳೆದುಕೊಳ್ಳುತ್ತಾರೆ, ತಿಳಿಯದ ಭಾಷೆಯಲ್ಲಿ ಒಬ್ಬನೇ ಮಾತಾಡುತ್ತಾನೆ; ಒಳಗೆ ಏನೋ ವ್ಯವಹಾರವಿದೆ.

ಮನೆಯವರು ಮಂಗಳೂರಿನವರೆಂದು ತಿಳಿದು ಮೇಲಧಿಕಾರಿ ಕನ್ನಡ ಬಲ್ಲ ನನ್ನನ್ನು ಕಳಿಸಿದರು. ಪರವಾನಗಿಯಿಲ್ಲದೆ ಮನೆಯಲ್ಲೇ ಮಕ್ಕಳ ಡೇಕೇರು, ಊಟದ ವ್ಯಾಪಾರ ನಡೆಸುವವರನ್ನು ಬೇಕಾದಷ್ಟು ಕಂಡಿದ್ದ ನನಗೂ ಅನುಮಾನವಿತ್ತು. ಭಾನುವಾರ ಗುರುತಿನ ಚೀಟಿಯನ್ನು ಕೈಚೀಲದಲ್ಲೇ ಇಟ್ಟು, ಸಭೆಗೆ ಬಂದವಳಂತೆ ಬಾಗಿಲಲ್ಲಿ ಒಂದೆರಡು ಮಾತಾಡಿ ಹಿಂದೆ ಕುಳಿತೆ.

ಮಾತಾಡುತ್ತಿದ್ದವರು ಮಗಳ ಮನೆಯಲ್ಲಿದ್ದ, ಚರ್ಚಿನ ನಿವೃತ್ತ ಸಭಾಪಾಲಕ ಜಯಾನಂದರು. ಹದಿನೇಳನೇ ಶತಮಾನದ ಇಂಗ್ಲೆಂಡಿನ ಒಬ್ಬ ಬೋಧಕನ ಕಥೆ ನಡೆದಿತ್ತು. ಸರ್ಕಾರ ಹೇರಿದ ಪ್ರಾರ್ಥನಾ ಕ್ರಮವನ್ನು ಒಪ್ಪದ್ದಕ್ಕೆ ಅವನ ಚರ್ಚೂ ಮನೆಯೂ ಹೋದವು. ಮನೆಯವರಲ್ಲದೆ ಐವರು ಅಥವಾ ಹೆಚ್ಚು ಜನ ಆ ಕ್ರಮ ಬಿಟ್ಟು ಸೇರಿ ಪ್ರಾರ್ಥಿಸಿದರೆ ಆಗ ಅಪರಾಧ. ಅವನು ನೇಕಾರನೊಬ್ಬನ ಕೋಣೆಯಲ್ಲಿ ಬೋಧಿಸಿದ. ಎರಡು ಸಲ ಜೈಲಾಯಿತು. ಹೆಂಡತಿ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು.

“ಮೂರನೇ ಸಲ ಹಿಡಿಸಿಕೊಟ್ಟವ ಹೊರಗಿನವನಲ್ಲ. ಕೇಳುವವರ ಮಧ್ಯದಲ್ಲೇ ಕೂತಿದ್ದ,” ಎಂದು ಜಯಾನಂದರು ನನ್ನತ್ತ ನೋಡಿದರು.

ಚೀಟಿ ತೆಗೆದು ತೋರಿಸಿದೆ. “ಇದು ನನಗೆ ಹೇಳಿದ್ದಾ, ಸರ್?”

“ಇಲ್ಲಮ್ಮ, ಕಥೆ ಮೂರು ವಾರದಿಂದ ನಡೀತಾ ಉಂಟು. ಆದ್ರೆ ನೀವು ಆಫೀಸಿನವರು ಅಂತ ಗೊತ್ತಾಯ್ತು. ಹೊಸಬರು ಬಂದ್ರೆ ಯಾವ ಊರಿನವರು ಅಂತ ಕೇಳ್ತಾರೆ. ನೀವು ಎಷ್ಟು ಕಾರು ಬರ್ತದೆ ಅಂತ ಕೇಳಿದ್ರಿ.”

ಮಗಳು ಶೀಲಾ ಎದ್ದು ನಿಂತರು. “ಅಪ್ಪನ ಗ್ರೀನ್ ಕಾರ್ಡಿಗೆ ತೊಂದ್ರೆ ಆಗ್ತದಾ ಮೇಡಂ?”

ಮನೆಯಲ್ಲಿ ಪ್ರಾರ್ಥನೆಗೆ ಸೇರುವುದು ತಪ್ಪಲ್ಲ ಎಂದು ಸಮಾಧಾನ ಹೇಳಿದೆ. ಅವರ ಒಪ್ಪಿಗೆ ಪಡೆದು ಎಲ್ಲ ಕೋಣೆಗಳನ್ನೂ ನೋಡಿದೆ. ವ್ಯವಹಾರದ ಸುಳಿವೂ ಇರಲಿಲ್ಲ. ಕಣ್ಣಿನ ಆಪರೇಷನ್ ಆದ ಜಯಾನಂದರಿಗೆ ಬಿಸಿಲು ಚುಚ್ಚುತ್ತದೆಂದು ಪರದೆ ಎಳೆದಿದ್ದರು. ಪಕ್ಕದ ಮನೆಯ ಕಾರು ಬಂದುಹೋಗುವ ಡ್ರೈವ್‌ವೇಗೆ ಅಡ್ಡವಾಗಿ ಎರಡು ಕಾರು ನಿಂತಿದ್ದವು, ಅಷ್ಟೇ. ಅವನ್ನು ತೆಗೆಸಿ, ಉಳಿದ ಕಥೆಯನ್ನೂ ಕೇಳಿದೆ. ಬೋಧಕ ಜೈಲಿನಲ್ಲೇ ಜ್ವರ ಬಂದು ಸತ್ತನಂತೆ.

ಹೊರಗೆ ದೂರುದಾರರು ಕಾಯುತ್ತಿದ್ದರು. “ಯಾರ್ಯಾರು ಬಂದಿದ್ದಾರೆ, ಹೆಸರು ಬರೆದುಕೊಂಡಿರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಅದು ನನ್ನ ಕೆಲಸವಲ್ಲ,” ಎಂದೆ.

ದೂರಿನಲ್ಲಿ ಕಣ್ಣಿಗೆ ಬಿದ್ದದ್ದೂ ಇರುತ್ತದೆ, ಮನಸ್ಸಿಗೆ ಬಂದದ್ದೂ ಇರುತ್ತದೆ. ಎರಡನ್ನೂ ಬೇರೆ ಮಾಡುವುದನ್ನು ನನ್ನ ಮನಸ್ಸಿನಿಂದಲೇ ಶುರುಮಾಡಬೇಕೆಂದು ಕೆಲಸ ಕಲಿಸಿತು, ಅದೂ ಕೊನೆಯ ವರ್ಷದಲ್ಲಿ.