ಗುಬ್ಬಿಯ ಬಾಲ್ಕನಿಗೆ ನಾನು ಹಾಕಿದ ಸಹಿ

ಆ ಕಬ್ಬಿಣವನ್ನು ನಾನು ನೋಡಿರಲೇ ಇಲ್ಲ, ಮೇಸ್ತ್ರಿಗಳೇ. ಗುಬ್ಬಿಯ ಆ ಮನೆಯ ತಪಾಸಣಾ ಪುಸ್ತಕದಲ್ಲಿ ‘ಬಾಲ್ಕನಿ ಕಬ್ಬಿಣ ಸ್ಥಳದಲ್ಲೇ ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ ಇಂಜಿನಿಯರ್ ನಾನು. ಬರೆದದ್ದು ತುಮಕೂರಿನ ಆಫೀಸಿನಲ್ಲಿ ಕುಳಿತು — ಕಾಂಕ್ರೀಟ್ ಹಾಕಿ ಮೂರು ದಿನವಾದ ಮೇಲೆ.

ನೀವು ಮೊದಲೇ ಫೋನ್ ಮಾಡಿದ್ದಿರಿ. “ಕಬ್ಬಿಣ ಕಟ್ಟಿ ಆಗೈತೆ ಮೇಡಂ. ನಾಳೆ ಕಾಂಕ್ರೀಟು. ಒಂದ್ಸಲ ಬಂದು ನೋಡ್ಕೊಂಡು ಹೋಗಿ.”

ನಾನು ಕುಣಿಗಲ್‌ನ ಸೈಟಿನಲ್ಲಿದ್ದೆ. “ಫೋಟೋ ಕಳಿಸಿ, ಸಾಕು” ಎಂದೆ.

“ಹಿಂಗೇ ಆದ್ರೆ ಮದ್ವೆನೂ ಫೋಟೋದಾಗೇ ಮುಗಿಸ್ಬುಡ್ತೀರ ಕಣಮ್ಮ” ಎಂದು ನಕ್ಕಿರಿ. ನಾನೂ ನಕ್ಕೆ.

ನಮ್ಮ ಆಫೀಸಿನ ರೂಢಿ ಅದು. ಶನಿವಾರ ಕುಳಿತು ವಾರದ ಪುಟಗಳನ್ನೆಲ್ಲ ಒಟ್ಟಿಗೆ ತುಂಬುತ್ತಿದ್ದೆವು — ಒಂದೇ ದಿನ ಬರೆದದ್ದೆಂದು ತಿಳಿಯದಿರಲಿ ಎಂದು ಬೇರೆ ಬೇರೆ ಪೆನ್ನಿನಲ್ಲಿ. ಬಾಲ್ಕನಿಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹೊರುವವರು ತುಳಿದರೆ ಅದು ಕೆಳಗೆ ಕೂತುಬಿಡುತ್ತದೆ, ಆಮೇಲೆ ಬಾಲ್ಕನಿ ಭಾರ ತಡೆಯುವುದಿಲ್ಲ. ಯಾರಾದರೂ ನಿಂತು ನೋಡಬೇಕು. ನಿಲ್ಲಬೇಕಾದವಳು ನಾನು.

ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಕೊಟ್ಟಿದ್ದ ಆಸರೆಯ ಕಂಬ ತೆಗೆಸಿದ ದಿನ ನಾನು ಬಾಲ್ಕನಿಯ ಕೆಳಗೇ ಇದ್ದೆ, ಮೊಬೈಲ್ ನೋಡುತ್ತ. ಒಣಗಿದ ತೆಂಗಿನ ಗರಿ ಮುರಿದಂಥ ಸದ್ದು — ನೀವು ನನ್ನ ತೋಳು ಹಿಡಿದು ಎಳೆದಿರಿ. ನಾನು ಮರಳಿನ ಮೇಲೆ ಬಿದ್ದೆ. ಬಾಲ್ಕನಿ ಕುಸಿದು ನಿಮ್ಮ ಎಡ ಭುಜದ ಮೇಲೆ... ಈಗಲೂ ಯಾವ ಬಾಲ್ಕನಿಯ ಕೆಳಗೆ ನಿಂತರೂ ಆ ಸದ್ದು ಕೇಳಿಸುತ್ತದೆ.

ಕುಸಿತದ ವಿಚಾರಣೆಗೆ ಬಂದ ಅಧಿಕಾರಿ ಕಬ್ಬಿಣದ ಬಗ್ಗೆ ಕೇಳಿದಾಗ ನಾನು ಆ ಪುಟ ತೆರೆದು ತೋರಿಸಿದೆ. ಕಬ್ಬಿಣ ಸರಿಯಿದ್ದಮೇಲೆ ತಪ್ಪು ಆಸರೆಯದ್ದು, ನೀವು ಅದನ್ನು ಬೇಗ ತೆಗೆಸಿದಿರಿ ಎಂದಾಯಿತು. ನೀವು ದಿನ ತುಂಬಿದ ಮೇಲೆಯೇ ತೆಗೆಸಿದ್ದು ನನಗೆ ಗೊತ್ತಿತ್ತು. ನೀವು ನನ್ನ ಕಡೆ ಒಮ್ಮೆ ನೋಡಿದಿರಿ. “ಪುಸ್ತಕದಾಗೆ ಬರ್ದೈತಲ್ಲ ಸ್ವಾಮಿ, ಇನ್ ನಾನೇನ್ ಹೇಳ್ಲಿ” ಎಂದಿರಿ. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ಯಾರೂ ನಿಮ್ಮನ್ನು ಮೇಸ್ತ್ರಿ ಕೆಲಸಕ್ಕೆ ಕರೆಯಲಿಲ್ಲ. ನಾಲ್ಕು ವರ್ಷದಿಂದ ತುಮಕೂರಿನ ಪಕ್ಕದ ಸತ್ಯಮಂಗಲದ ಯಾವುದೋ ಕಾರ್ಖಾನೆಯ ಗೇಟು ಕಾಯುತ್ತಿದ್ದೀರಂತೆ. ನನ್ನ ಜೀವ ಉಳಿಸಿದವರು — ನಿಮ್ಮ ಹೆಸರನ್ನು ನಾನು ಉಳಿಸಲಿಲ್ಲ.

ಅಂದು ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ, ನಿನ್ನೆ ಆ ಅಧಿಕಾರಿಯ ಕಚೇರಿಗೆ ಕೊಟ್ಟು ಬಂದೆ. ಕೆಲಸ ಹೋಗಬಹುದು, ಹೋಗಲಿ. ಅವರು ಮತ್ತೆ ಕರೆದ ದಿನ ಮನೆಯ ಮಾಲೀಕರ ಎದುರಿಗೇ, ನಾನು ಬಂದು ನೋಡಿರಲಿಲ್ಲ ಎಂದು ಹೇಳುತ್ತೇನೆ. ನೀವು ಬರಲೇಬೇಕೆಂದಿಲ್ಲ.