ಎರಡು ಗಂಟೆ ಕಾಯಬೇಕಿತ್ತು

ಯಾರ್ಕ್‌ಟನ್ನಿನ ಡಾರ್ಲೀನ್ ಹಲುಷ್ಕಾ ಈಗ ಶಾಲೆಯ ಬಸ್ಸು ಓಡಿಸುತ್ತಾಳೆ. ಒಂದು ಕಾಲಕ್ಕೆ ‘ಬ್ಲೂ ಮಿಟನ್ಸ್’ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದಳೆಂದರೆ ಮಕ್ಕಳು ನಂಬುವುದಿಲ್ಲ. ತಂಡ ಬದುಕಿದ್ದೇ ಹದಿನಾಲ್ಕು ತಿಂಗಳು. ಹಾಡುವವನು ಕರ್ಟಿಸ್, ಕೀಬೋರ್ಡಿಗೆ ಅವನ ತಂಗಿ ನಡೀನ್, ಮೂರನೆಯವಳು ಇವಳು.

ಎಂಬತ್ತೇಳರ ಜನವರಿಯಲ್ಲಿ, ವಿನ್ನಿಪೆಗ್‌ನಲ್ಲಿ ರೇಡಿಯೋ ಸ್ಪರ್ಧೆಯ ಕೊನೆಯ ಸುತ್ತು. ಕರ್ಟಿಸ್‌ನ ಗಿಟಾರು ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡ ಅವನ ಅಪ್ಪನದು. ಅದನ್ನು ನೋಡಿಕೊಳ್ಳುವ ಕೆಲಸ ಡಾರ್ಲೀನ್‌ಗೆ. “ನೀನು ಒಲೆ ಆರಿದ್ಯಾ ಅಂತ ಮೂರು ಸಲ ನೋಡೋಳು. ನಿನ್ನ ಕೈಲೇ ಇರ್ಲಿ,” ಎಂದಿದ್ದ.

ದಾರಿಯಲ್ಲಿ ವ್ಯಾನಿನ ಹೀಟರು ಕೆಟ್ಟಿತು. ಹೊರಗೆ ಮೈನಸ್ ಮೂವತ್ತೈದು. ಗಿಟಾರಿನ ಪೆಟ್ಟಿಗೆ ಐದು ಗಂಟೆ ಕಾಲ ಹಿಂದಿನ ಸೀಟಿನಲ್ಲಿ ಮರಗಟ್ಟಿತು. ಡಾರ್ಲೀನ್ ತನ್ನ ಕೋಟನ್ನೇ ಅದಕ್ಕೆ ಹೊದಿಸಿ ತಾನು ನಡುಗುತ್ತ ಕೂತಳು.

ಮಧ್ಯಾಹ್ನ ಸಭಾಂಗಣ ಸೇರಿದಾಗ ಕರ್ಟಿಸ್ ಹೇಳಿದ್ದು ಒಂದೇ ಮಾತು: “ಎರಡು ಗಂಟೆ ಪೆಟ್ಟಿಗೆ ತೆಗೀಬೇಡ. ಒಳಗೇ ನಿಧಾನಕ್ಕೆ ಬೆಚ್ಚಗಾಗ್ಲಿ.”

ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗಡಿಯಾರದ ಮುಳ್ಳು ಅಲುಗಲೇ ಇಲ್ಲ. ಚಳಿಗೆ ಗಿಟಾರಿನ ಕುತ್ತಿಗೆ ಮುರಿದಿದ್ದರೆ? ಬೇರೆ ಗಿಟಾರು ಹುಡುಕಲು ಸಮಯವಾದರೂ ಬೇಕಲ್ಲ?

“ಅದನ್ನೇನು ಹೆತ್ತು ಮಲಗಿಸಿದೀಯೇನೇ? ಬಾ, ಕಾಫಿ ಕುಡಿ,” ನಡೀನ್ ನಕ್ಕಳು.

“ನೀ ಹೋಗಿರು, ಬಂದೆ.”

ಅರ್ಧ ಗಂಟೆಗೇ ಬೀಗ ತೆಗೆದಳು. ಒಂದು ಇಣುಕು, ಅಷ್ಟೇ. ಕುತ್ತಿಗೆ ನೆಟ್ಟಗಿತ್ತು. ಹೋದ ಜೀವ ಬಂದಂತಾಯಿತು. ಆಗ ಕೇಳಿಸಿತು, ಟಿಕ್. ಇನ್ನೊಂದು ಟಿಕ್. ಬೆಚ್ಚನೆ ಗಾಳಿ ತಾಕಿ ಮರದ ಮೇಲಿನ ಮೆರುಗೆಣ್ಣೆ ಅವಳ ಕಣ್ಣೆದುರೇ ಬಿರಿಯುತ್ತಿತ್ತು, ಜೇಡರ ಬಲೆಯ ಹಾಗೆ. ಮುಚ್ಚಳ ಹಾಕಿದಳು. ಒಳಗಿನಿಂದಲೂ ಟಿಕ್.

ಕರ್ಟಿಸ್ ಬಂದಾಗ ಅವಳೇ ಹೇಳಿಬಿಟ್ಟಳು. “ತೆಗ್ದೆ ಕಣೋ. ಮುರಿದಿದ್ಯೇನೋ ಅಂತ ಭಯ ಆಯ್ತು.”

ಅವನು ಬಿರುಕುಗಳ ಮೇಲೆ ಹೆಬ್ಬೆರಳಾಡಿಸಿದ. ತಂತಿ ಮೀಟಿ ಕಿವಿಗೊಟ್ಟ. “ಸ್ವರಕ್ಕೇನೂ ಆಗಿಲ್ಲ ಬಿಡು.”

ಬೈದಿದ್ದರೆ ಚೆನ್ನಿತ್ತು.

ಅಂದು ಸಂಜೆ ಮೂರನೇ ಸ್ಥಾನ ಬಂತು. ಅಷ್ಟು ಚೆನ್ನಾಗಿ ಅವರು ಅದುವರೆಗೆ ನುಡಿಸಿರಲಿಲ್ಲ. ವ್ಯಾನಿಗೆ ಸಾಮಾನು ತುಂಬುವಾಗ ಡಾರ್ಲೀನ್ ಅಭ್ಯಾಸಬಲದಿಂದ ಪೆಟ್ಟಿಗೆಗೆ ಕೈ ಚಾಚಿದಳು.

“ಇರ್ಲಿ, ನಾನೇ ಹಿಡ್ಕೋತೀನಿ,” ಎಂದ ಕರ್ಟಿಸ್. ದನಿ ಮೆತ್ತಗಿತ್ತು, ಅಪರಿಚಿತರಿಗೆ ಬಾಗಿಲು ತೆರೆದು ಹಿಡಿಯುವಾಗಿನ ಹಾಗೆ. ಯಾರ್ಕ್‌ಟನ್ ಬರುವವರೆಗೂ ಅದು ಅವನ ತೊಡೆಯ ಮೇಲೇ ಇತ್ತು.

ಏಪ್ರಿಲ್‌ನಲ್ಲಿ ತಂಡ ಒಡೆಯಿತು. ಕರ್ಟಿಸ್‌ಗೆ ಗಣಿಯಲ್ಲಿ ಕೆಲಸ ಸಿಕ್ಕಿತ್ತು, ಕಾರಣ ಅದೇ ಎಂದು ನಡೀನ್ ಈಗಲೂ ಆಣೆ ಮಾಡಿ ಹೇಳುತ್ತಾಳೆ. ಡಾರ್ಲೀನ್ ಹೂಂ ಎನ್ನುತ್ತಾಳೆ, ನಂಬುವುದಿಲ್ಲ.