ಹಿಮದ ಗುಂಡಿ, ಮೇಲವಂಕಿಯ ಹಂದರ

ಅಕ್ಕನ ಮಗಳ ಮದುವೆಗೆ ಮೇಲವಂಕಿಗೆ ಹೋಗಬೇಕಿತ್ತು. ನಾನಿದ್ದದ್ದು ಹಿಮಾಲಯದ ಒಂದು ಸೇನಾ ಠಾಣೆಯಲ್ಲಿ; ಹಿಮಕುಸಿತದ ಅಪಾಯ ಅಂದಾಜು ಮಾಡುವುದು ನನ್ನ ಕೆಲಸ. ಕೆಳಗಿಳಿಯುವ ಒಂದೇ ದಾರಿ ಕಡಿದಾದ ಇಳಿಜಾರಿನ ಬುಡದಲ್ಲಿತ್ತು. ಹೊಸ ಹಿಮ ಬಿದ್ದಿತ್ತು. ದಾರಿ ತೆರೆಯಬಹುದೇ ಎಂದು ಹೇಳಬೇಕಾದವನೂ ನಾನೇ, ಊರಿಗೆ ಚೀಲ ಕಟ್ಟಿಟ್ಟವನೂ ನಾನೇ.

ನಮ್ಮ ಮನೆತನದಲ್ಲಿ ಮದುಮಗಳ ಕೈಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ಅಕ್ಕನಿಗೆ ಇದ್ದ ತಮ್ಮ ನಾನೊಬ್ಬನೇ. ಫೋನಿನಲ್ಲಿ ಅವಳು ಯಾವಾಗ ಬರುತ್ತೀ ಎನ್ನುವುದು ಬಿಟ್ಟು ಬೇರೇನನ್ನೂ ಕೇಳುತ್ತಿರಲಿಲ್ಲ.

ಹಿಮದ ಪದರಗಳನ್ನು ಪರೀಕ್ಷಿಸುವ ಗುಂಡಿ ತೋಡಲು ಬೆಲ್ಲದ ಬಾಗೇವಾಡಿಯ ಸೈನಿಕನೊಬ್ಬ ಜೊತೆಗೆ ಬಂದ. ಅವನಿಗೂ ರಜೆ ಸಿಕ್ಕಿತ್ತು. ನಾನು ಎದೆಮಟ್ಟ ಇಳಿದಾಗ ಅವನು ಮೇಲಿನಿಂದ ಬಗ್ಗಿ ನೋಡಿದ.

"ಬಾವಿ ತೋಡಾಕತ್ತೀರೇನ್ರಿ ಸರ? ನಮ್ಮ ಹೊಲದಾಗ ಇಷ್ಟ ತೋಡಿದ್ರ ನೀರರ ಬೀಳತಿತ್ತು."

ಗುಂಡಿಯ ಗೋಡೆಯನ್ನು ಪದರ ಪದರವಾಗಿ ಬೆರಳಿನಿಂದ ಒತ್ತುತ್ತ ಬಂದೆ. ಮೇಲಿನ ಪದರ ಗಟ್ಟಿ. ಅದರಡಿ ಬೆರಳು ತಾನಾಗಿಯೇ ಒಳಹೋಯಿತು. ಸಕ್ಕರೆಯಂಥ ಹರಳುಗಳು ಒಂದಕ್ಕೊಂದು ಅಂಟದೆ ಉದುರಿದವು. ತಿಳಿಯಾದ ಆಕಾಶದ ಕಡುಚಳಿಯ ರಾತ್ರಿಗಳಲ್ಲಿ ಬೆಳೆಯುವ, ಮೇಲಿನ ಹಿಮವನ್ನು ಹಿಡಿದಿಡಲಾರದ ಹರಳು. ಆದರೆ ಹಿಮ ಬೀಳುವ ಮೊದಲಿನ ವಾರವೆಲ್ಲ ಮೋಡವಿತ್ತೆಂದು ನನ್ನ ನೆನಪು. ಹರಳು ಅಂಗೈಯಲ್ಲಿತ್ತು. ಊರಿಗೆ ಹೋಗಲು ಮೋಡ ಬಹುಶಃ ನನಗೆ ಬೇಕಾಗಿತ್ತು, ಅಷ್ಟೇ.

ಹಿಮದ ಒಂದು ಕಂಬ ಬಿಡಿಸಿ, ನೆತ್ತಿಯ ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ ಮೆಲ್ಲಗೆ ತಟ್ಟಿದೆ. ಆಮೇಲೆ ಮೊಣಕೈಯಿಂದ, ಕೊನೆಗೆ ಭುಜದಿಂದ ತಟ್ಟುವುದು ಕ್ರಮ; ಬೇಗ ಜಾರಿದಷ್ಟೂ ಅಪಾಯ ಹೆಚ್ಚು. ಅಲ್ಲಿಯವರೆಗೆ ಹೋಗಲೇ ಇಲ್ಲ. ಮೇಲಿನ ತುಂಡು ಇಡಿಯಾಗಿ ಜಾರಿ ನನ್ನ ಮೊಣಕಾಲಿಗೆ ಬಿತ್ತು.

ಸೈನಿಕ ನಗಲಿಲ್ಲ. "ಇನ್ನೊಂದ ಕಡೆ ನೋಡೂಣೇನ್ರಿ?" ಎಂದ.

ನೋಡಿದೆವು. ಅಲ್ಲೂ ಅದೇ ಹರಳು. ದಾರಿ ಮುಚ್ಚಿರಲಿ ಎಂದು ಠಾಣೆಗೆ ತಿಳಿಸಿ, ಅಕ್ಕನಿಗೆ ಫೋನ್ ಮಾಡಿದೆ.

"ಗುಡ್ಡದ ಹಿಮ ಜಾರಿ ಬೀಳತೈತಿ ಅಂತ ಖರೇನ ಗೊತ್ತೈತೇನು ನಿನಗ?"

ಗೊತ್ತಿಲ್ಲ, ಬೀಳಬಹುದು ಎಂದೆ. ಅವಳ ಹಿಂದೆ ಯಾರೋ ಹಂದರದ ಗಳ ಎಲ್ಲಿ ನೆಡಬೇಕೆಂದು ಜಗಳಾಡುತ್ತಿದ್ದರು.

"ಹಂಗಾದ್ರ ಬರಬ್ಯಾಡ" ಎಂದಳು.

ಮದುವೆಯ ದಿನ ಬಿಸಿಲಿತ್ತು. ಇಳಿಜಾರಿನ ಹಿಮ ಇದ್ದಲ್ಲೇ ಇತ್ತು. ಆ ಚಳಿಗಾಲ ಮುಗಿಯುವವರೆಗೂ ಜಾರಲಿಲ್ಲ. ನನ್ನ ತೀರ್ಮಾನ ಸರಿಯಿತ್ತೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಹುಡುಗಿಯನ್ನು ಅವಳ ಕಾಕಾ ಹಂದರಕ್ಕೆ ಕರೆತಂದ. ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೆಂದರೆ, ಈಗೀಗ ಅರಿಸಿನ ಹತ್ತಿದ ಅವಳ ಕೈಯ ಬೆವರು, ಹೊಸ ಬಳೆಗಳ ಒರಟು ನನ್ನ ಅಂಗೈಗೇ ನೆನಪಿದೆ. ಅದು ಸುಳ್ಳೆಂದು ಗೊತ್ತು. ಬೇರೆ ನೆನಪುಗಳನ್ನೆಲ್ಲ ಅನುಮಾನದಿಂದ ಕೆದಕುವ ನಾನು, ಇದೊಂದನ್ನು ಮುಟ್ಟಲು ಹೋಗಿಲ್ಲ.